ಮೊದಲೇ ಅನ್ನಿಸಿತ್ತು ಎಂದವರ ಊರಿನಲ್ಲಿ ಮುದ್ರೆಯಮ್ಮ

ಅಂಚೆ ಕಚೇರಿಯ ಎರಡನೇ ಕಿಟಕಿಯ ಹಿಂದೆ ಕೂರುತ್ತಿದ್ದ ಹೆಂಗಸಿಗೆ ಊರಿನವರು ಇಟ್ಟ ಹೆಸರು ಮುದ್ರೆಯಮ್ಮ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಬೆಳಿಗ್ಗೆ ಬಂದವಳೇ ಅವಳು ಮಾಡುವ ಮೊದಲ ಕೆಲಸ ಒಂದೇ. ಹಿತ್ತಾಳೆಯ ಮುದ್ರೆಯಿಂದ ನಿನ್ನೆಯ ತಾರೀಖನ್ನು ಚಿಮಟದಲ್ಲಿ ಕಿತ್ತು, ಇವತ್ತಿನದನ್ನು ಕೂರಿಸಿ, ಒಂದು ರದ್ದಿ ಕಾಗದದ ಮೇಲೆ ಠಪ್ ಎಂದು ಒತ್ತಿ ನೋಡುವುದು. ಆ ಠಪ್ ಶಬ್ದ ಕೇಳಿದ ಮೇಲೆಯೇ ಆ ಬೀದಿಗೆ ದಿನ ಶುರುವಾಗುತ್ತಿತ್ತು.

ತಾರೀಖಿನ ವಿಷಯದಲ್ಲಿ ಅವಳ ಹತ್ತಿರ ಯಾರ ಆಟವೂ ನಡೆಯುತ್ತಿರಲಿಲ್ಲ. "ಒಂದೇ ಒಂದು ದಿನ ಹಿಂದಕ್ಕೆ ಹಾಕಿಬಿಡಿ ಅಕ್ಕಾ" ಎಂದು ಹಲ್ಲು ಗಿಂಜಿದವರಿಗೆ, "ಹಿಂದಕ್ಕೆ ಹೋಗೋ ಹಾಗಿದ್ರೆ ನಾನೇ ಮೊದಲು ಹೋಗಿ ಇಪ್ಪತ್ತರ ವಯಸ್ಸಲ್ಲಿ ಕೂತ್ಕೋತಿದ್ದೆ" ಎನ್ನುತ್ತಿದ್ದಳು. ಆದರೆ ಕಾರ್ಡುಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿರಲಿಲ್ಲ. ಮುಚ್ಚಿದ ಲಕೋಟೆಯನ್ನು ಅವಳು ಮೂಸಿ ಕೂಡ ನೋಡುತ್ತಿರಲಿಲ್ಲ. ತೆರೆದ ಕಾರ್ಡು ಕಣ್ಣೆದುರು ಬಿದ್ದರೆ ಮಾತ್ರ ಕಣ್ಣಿಗೆ ಬುದ್ಧಿ ಹೇಳುವವರು ಯಾರು? ಮುದ್ರೆ ಬೀಳುವಷ್ಟರಲ್ಲಿ ಓದಿ ಮುಗಿದಿರುತ್ತಿತ್ತು. ಓದಿದ್ದು ಹೊಟ್ಟೆಯಲ್ಲೇ ಇರುತ್ತಿತ್ತು.

ಆ ಚಳಿಗಾಲದಲ್ಲಿ ಬಿಳಿ ಹಡಗು ಮುಳುಗಿತು.

ಈಚೆ ದಡದ ಈ ಊರಿಗೂ ಆಚೆ ದಡದ ದೊಡ್ಡ ಊರಿಗೂ ನಡುವೆ, ಹಳೇ ಹಡಗಿನಲ್ಲಿ ಹೋದರೆ, ಏಳು ಗಂಟೆಯ ಸಮುದ್ರ. ಅದನ್ನು ಐದೇ ಗಂಟೆಯಲ್ಲಿ ದಾಟುವ ಹೊಸ ಹಡಗು ಅದು. ಐದನೇ ಪ್ರಯಾಣದಲ್ಲಿ, ಮಂಜು ಮುಸುಕಿದ ಒಂದು ಗುರುವಾರ ಬಂಡೆಗೆ ಬಡಿದು ನೂರ ಮೂವತ್ತೊಂದು ಜನರೊಡನೆ ತಳ ಸೇರಿತು. ಎಲ್ಲೆಲ್ಲಿಂದಲೋ ಪತ್ರಿಕೆಯವರು ಬಂದರು. ಅಲ್ಲಿಯ ತನಕ ನಕಾಶೆಯಲ್ಲಿ ಹುಡುಕಿದರೂ ಸಿಗದಿದ್ದ ಊರು ಎಲ್ಲರ ಬಾಯಲ್ಲಿ ಕೂತಿತು. ಮುಳುಗಿದವರಲ್ಲಿ ಮುದ್ರೆಯಮ್ಮನ ಭಾವ, ಅವಳ ಅಕ್ಕನ ಗಂಡನೂ ಇದ್ದ. ಗಡಿಯಾರ ರಿಪೇರಿ ಮಾಡುತ್ತಿದ್ದ ಮೆತ್ತನೆ ಮಾತಿನ ಮನುಷ್ಯ. ಆಚೆ ದಡದಲ್ಲಿದ್ದ ಮಗಳ ಮನೆಗೆ, ಹೊಸದಾಗಿ ಹುಟ್ಟಿದ ಮೊಮ್ಮಗಳನ್ನು ನೋಡಲು ಹೊರಟಿದ್ದ.

ಮೊದಲ ವಾರ ಊರೆಲ್ಲ ಬಾಯಿಗೆ ಬೀಗ ಹಾಕಿಕೊಂಡಂತಿತ್ತು. ಎರಡನೇ ವಾರ ಒಂದೊಂದೇ ಬಾಯಿ ತೆರೆಯಿತು. ತೆರೆದದ್ದೇ ತಡ, ಎಲ್ಲದರಿಂದಲೂ ಒಂದೇ ಮಾತು.

"ನಂಗೆ ಮೊದಲೇ ಅನ್ನಿಸಿತ್ತು."

ಬೇಕರಿಯವನ ನಾಯಿ ಹಿಂದಿನ ದಿನ ಬಂದರಿನ ಕಡೆ ಮುಖ ಮಾಡಿ ಊಳಿಟ್ಟಿತ್ತಂತೆ. ಶಾಲೆಯ ಮೇಡಂ ಕಪ್ಪು ಹಲಗೆಯ ಮೇಲೆ ಹಡಗು ಎಂದು ಬರೆಯಹೋದಾಗ ಸೀಮೆಸುಣ್ಣ ಮುರಿದಿತ್ತಂತೆ. ಟಿಕೆಟ್ ತಗೊಂಡಿದ್ದೆ, ಮನಸ್ಸು ಒಪ್ಪದೆ ಕೊನೇ ಗಳಿಗೆಯಲ್ಲಿ ಉಳಿದುಕೊಂಡೆ ಎಂದವರನ್ನು ಮುದ್ರೆಯಮ್ಮ ಬೆರಳು ಮಡಚಿ ಎಣಿಸಿದಳು. ನಲವತ್ತೇಳು. ಅವರೆಲ್ಲ ಹತ್ತಿದ್ದರೆ ಹಡಗು ಬಂಡೆಯ ತನಕ ಹೋಗುವುದೇ ಬೇಕಿರಲಿಲ್ಲ, ಭಾರಕ್ಕೆ ಕಟ್ಟೆಯ ಬುಡದಲ್ಲೇ ಮುಳುಗುತ್ತಿತ್ತು!

ಅವಳಿಗೆ ತಲೆ ಚಿಟ್ಟು ಹಿಡಿದದ್ದು ಇದಕ್ಕೇ. ಆ ಗುರುವಾರ ಅವಳೂ ಕಟ್ಟೆಯ ಮೇಲೆ ನಿಂತಿದ್ದಳು. ಬೇಕರಿಯವನು ಟೋಪಿ ಬೀಸಿದ್ದನ್ನು, ಮೇಡಂ ಚಪ್ಪಾಳೆ ತಟ್ಟಿದ್ದನ್ನು ಕಣ್ಣಾರೆ ಕಂಡಿದ್ದಳು. ಇಡೀ ಊರು ನಗುನಗುತ್ತ ಕರವಸ್ತ್ರ ಬೀಸಿ ನೂರ ಮೂವತ್ತೊಂದು ಜನರನ್ನು ಕಳಿಸಿಕೊಟ್ಟಿತ್ತು. ಒಬ್ಬರ ಮುಖದಲ್ಲೂ ಸಾಸಿವೆ ಕಾಳಿನಷ್ಟು ಅನುಮಾನ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಮನೆಯಲ್ಲಿ. ಮಹಡಿಯ ಮೇಲಿದ್ದ ಅಕ್ಕ, ಸಮಾಧಾನ ಹೇಳಲು ಬಂದವರ ಮುಂದೆಲ್ಲ ಅದೇ ಮಾತು ಶುರು ಮಾಡಿದ್ದಳು. "ಹೋಗಬೇಡಿ ಅಂದೆ, ಕೇಳಲಿಲ್ಲ. ಗೇಟಿನ ತನಕ ಹೋದವರನ್ನ ವಾಪಸ್ ಕರೆದೆ. ನನ್ನ ಎದೆ ಹೇಳ್ತಿತ್ತು."

ಮುದ್ರೆಯಮ್ಮ ಚಹಾ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿರುತ್ತಿದ್ದಳು. ಅಕ್ಕ ಹಡಗು ಹೊರಡುವ ನಾಲ್ಕು ದಿನ ಮೊದಲು ಮಗಳಿಗೆ ಬರೆದ ಕಾರ್ಡಿಗೆ ಮುದ್ರೆ ಒತ್ತಿದ್ದವಳು ಅವಳೇ. 'ಅಂತೂ ಇಂತೂ ನಿಮ್ಮಪ್ಪನನ್ನು ಒಪ್ಪಿಸಿದೆ. ಮಂಡಿ ನೋವು ಅದು ಇದು ಎಂದು ರಾಗ ತೆಗೆದರು, ನಾನು ಬಿಡಲಿಲ್ಲ. ಹೊಸ ಹಡಗು ಅಲುಗಾಡುವುದೇ ಇಲ್ಲವಂತೆ.' ಗೇಟಿನಿಂದ ಭಾವನನ್ನು ವಾಪಸ್ ಕರೆದದ್ದು ನಿಜ. ಅದು ಅವನು ಮರೆತುಹೋಗಿದ್ದ ಮಫ್ಲರ್ ಕೊಡಲು.

ಅವಳು ಚಹಾ ಕೊಟ್ಟು ಕೆಳಗಿಳಿದಳು.

ಹೇಳದೆ ಉಳಿದದ್ದು ಎಲ್ಲಾದರೂ ಸಿಡಿಯಲೇಬೇಕಲ್ಲ, ಕ್ಷೌರಿಕನ ಮೇಲೆ ಸಿಡಿಯಿತು. ಹಡಗು ಮುಳುಗಿ ಮೂರು ತಿಂಗಳಾಗಿತ್ತು. ಒಂದು ಸೋಮವಾರ ಅವನು ಸ್ಟಾಂಪು ಕೊಳ್ಳಲು ಬಂದವನು, ಸಾಲಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ ಬಿಳಿ ಹಡಗಿನ ಕಪ್ತಾನನ ಗಡ್ಡದ ಕತೆ ತೆಗೆದ. "ಅವತ್ತು ಬೆಳಿಗ್ಗೆ ಅವರಿಗೆ ಶೇವ್ ಮಾಡ್ತಿದ್ದೆ. ರೇಜರ್ ತಾನಾಗೇ ಕೈಯಿಂದ ಜಾರಿ ಬಿತ್ತು. ಆಗಲೇ ಗೊತ್ತಾಯ್ತು ನಂಗೆ!"

"ನಿನ್ನ ಕೈಯಿಂದ ರೇಜರ್ ದಿನಾ ಜಾರುತ್ತೆ" ಎಂದಳು ಮುದ್ರೆಯಮ್ಮ. "ನಮ್ಮ ಪೋಸ್ಟ್ ಮಾಸ್ಟರ್ ಗದ್ದ ನೋಡು, ಸೌತೆಕಾಯಿ ಹೆಚ್ಚಿದ ಹಾಗಿದೆ. ಅವತ್ತೆಲ್ಲ ಯಾವ ಹಡಗು ಮುಳುಗಿತು?"

ಸಾಲು ಗೊಳ್ಳೆಂದಿತು. ಕ್ಷೌರಿಕನ ಮುಖ ಹುಳ್ಳಗಾಯಿತು. "ಹಾಗಾದ್ರೆ ಊರಿಗೆ ಊರೇ ಸುಳ್ಳು ಹೇಳ್ತಿದೆಯಾ? ನೀವೊಬ್ರೇ ಸತ್ಯವಂತರಾ?"

ಅವಳು ಬಾಯಿ ತೆರೆದಳು. ಕೈಯಲ್ಲಿ ಮುದ್ರೆ ಇತ್ತು. ಅದನ್ನು ನೋಡಿದಳು, ಕಿಟಕಿಯ ಹಲಗೆಯ ಮೇಲೆ ಠಪ್ ಎಂದು ಕುಕ್ಕಿದಳು.

"ಮುಂದಿನದು ಬರೆದುಕೊಡು!" ಎಂದು ಕೂಗಿದಳು. "ಆಗಿಹೋದದ್ದಲ್ಲ, ಆಗಬೇಕಾದದ್ದು. ಇನ್ನೊಂದು ತಿಂಗಳಿಗೆ ಹಳೇ ಹಡಗು ರಿಪೇರಿಯಾಗಿ ಓಡಾಟ ಶುರುವಾಗುತ್ತಲ್ಲ? ಯಾರಿಗೆ ಏನು ಅನ್ನಿಸುತ್ತೋ, ಯಾವ ಕನಸು ಬೀಳುತ್ತೋ, ಒಂದು ಕಾರ್ಡಲ್ಲಿ ಬರೆದು ಎರಡನೇ ಕಿಟಕಿಗೆ ಹಾಕಿ. ತಾರೀಖು ಒತ್ತಿ ಡ್ರಾಯರಲ್ಲಿಡ್ತೀನಿ. ನಿಜವಾದ್ರೆ ನಿಮ್ಮ ಕಾಲಿಗೆ ಬೀಳ್ತೀನಿ."

ಮಾತು ಮಧ್ಯಾಹ್ನದೊಳಗೆ ಊರು ಸುತ್ತಿತು. ಪೋಸ್ಟ್ ಮಾಸ್ಟರ್ ಮೂಗು ಮುರಿದರು. ಕಾರ್ಡಿನ ಮಾರಾಟ ಮೂರು ಪಟ್ಟಾದದ್ದು ಕಂಡು ಮೂಗನ್ನು ಸರಿಮಾಡಿಕೊಂಡರು. ಮೊದಲ ದಿನ ಹನ್ನೆರಡು ಕಾರ್ಡು, ಮರುದಿನ ಮೂವತ್ತು! ಡ್ರಾಯರು ಸಾಲದೆ ಹಳೆಯ ಬಿಸ್ಕತ್ತಿನ ಡಬ್ಬ ತರಬೇಕಾಯಿತು. ಹಳೇ ಹಡಗು ಮುರಿಯುತ್ತದೆ, ಉರಿಯುತ್ತದೆ, ತಿಮಿಂಗಿಲ ಗುದ್ದುತ್ತದೆ. ಒಬ್ಬನಿಗೆ ದೀಪಸ್ತಂಭ ಬಗ್ಗಿ ನೀರು ಕುಡಿದಂತೆ ಕನಸಾಗಿತ್ತು. ಮುದ್ರೆಯಮ್ಮನ ಕಾಲು ನೆಲದ ಮೇಲೆ ನಿಲ್ಲದಾಯಿತು. ಬೆಳಿಗ್ಗೆ ಎಂಟಕ್ಕೆ ಬರಬೇಕಾದವಳು ಏಳಕ್ಕೇ ಬಂದು ಚೀಲ ಸುರಿದುಕೊಳ್ಳುತ್ತಿದ್ದಳು. ಹಾಗೆ ಓದುತ್ತ ಓದುತ್ತ ಅವಳಿಗೊಂದು ವಿಚಿತ್ರ ಹೊಳೆಯಿತು. ಈ ಜನ ಸುಳ್ಳು ಹೇಳುತ್ತಿರಲಿಲ್ಲ. ಇವರಿಗೆಲ್ಲ ದಿನಾ ಏನಾದರೊಂದು ಅನ್ನಿಸುತ್ತಲೇ ಇತ್ತು. ಏನೂ ಆಗದಿದ್ದರೆ ಅನ್ನಿಸಿದ್ದು ಮರೆತುಹೋಗುತ್ತಿತ್ತು, ಏನಾದರೂ ಆದರೆ ನೆನಪಿನಲ್ಲಿ ಅದೊಂದೇ ಉಳಿಯುತ್ತಿತ್ತು. ಅಷ್ಟೇ.

ಇದೇ ಹುರುಪಿನಲ್ಲಿ ಅವಳು ಅಕ್ಕನಿಗೂ ಗಂಟುಬಿದ್ದಳು. ಆಚೆ ದಡದಿಂದ ಮಗಳು ಸರಕು ದೋಣಿಯಲ್ಲಿ ಬರುವ ಅಂಚೆಗೆ ವಾರಕ್ಕೆರಡು ಸಲ ಬರೆಯುತ್ತಿದ್ದಳು, ಅಮ್ಮಾ ಬಾ ಎಂದು. "ಹೋಗಕ್ಕಾ. ಮೊದಲ ಪ್ರಯಾಣದಲ್ಲೇ ಹೋಗು. ಮಗು ಮಗುಚಿಕೊಳ್ಳೋದೂ ಕಲೀತಂತೆ. ಇನ್ನೂ ಎಷ್ಟು ದಿನ ಈ ಗಡಿಯಾರಗಳ ಮುಂದೆ ಕೂತಿರ್ತೀಯ?" ಹಿಡಿದ ಪಟ್ಟು ಬಿಡದೆ ಹತ್ತು ದಿನ ಕಾಡಿ ಒಪ್ಪಿಸಿದಳು. ಟಿಕೆಟ್ ತಂದುಕೊಟ್ಟವಳೂ ಅವಳೇ. ಗುರುವಾರ ಬೆಳಿಗ್ಗೆ ಏಳಕ್ಕೆ ಹಡಗು.

ಬುಧವಾರ ಹತ್ತು ಗಂಟೆಯ ಚೀಲದಲ್ಲಿ ಆ ಕಾರ್ಡು ಬಂತು.

'ನಾಳೆ ಹೊರಡುವ ಹಡಗು ಮುಳುಗಿದಂತೆ ಕನಸು ಬಿತ್ತು. ಎಡಗಡೆ ಹೊಟ್ಟೆ, ಮುಂದಿನಿಂದ ಮೂರನೇ ತಗಡು, ನೀರಿನ ಗೆರೆಗಿಂತ ಒಂದು ಗೇಣು ಕೆಳಗೆ. ಅಲ್ಲಿಂದ ನೀರು ನುಗ್ಗುತ್ತದೆ.' ಹೆಸರಿಲ್ಲ.

ಮುದ್ರೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಮುನ್ನೂರು ಚಿಲ್ಲರೆ ಕನಸು ಓದಿದ್ದಳು. ಕಪ್ಪು ಅಲೆ ಇತ್ತು, ಅಳುವ ಹೆಂಗಸರಿದ್ದರು, ಬಗ್ಗುವ ದೀಪಸ್ತಂಭವಿತ್ತು. ಒಂದರಲ್ಲೂ ಅಳತೆ ಇರಲಿಲ್ಲ. ಕನಸಿಗೆ ಅಳತೆಪಟ್ಟಿ ಎಲ್ಲಿಂದ ಬಂತು? ಕಾರ್ಡನ್ನು ಬೆಳಕಿಗೆ ಹಿಡಿದಳು. ಮೂಲೆಯಲ್ಲಿ ಸೂಜಿಯಲ್ಲಿ ಚುಚ್ಚಿದಂತೆ ನಾಲ್ಕೈದು ತೂತು, ಒಂದೊಂದರ ಅಂಚೂ ಕಂದಾಗಿ ಸುಟ್ಟಿತ್ತು. ಕಿಡಿ ಸಿಡಿದ ಗುರುತು.

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳು ಕೆಲಸದ ಹೊತ್ತಿನಲ್ಲಿ ಕಿಟಕಿ ಎಳೆದುಕೊಂಡಳು. "ಏನ್ರೀ, ಏನಾಯ್ತ್ರೀ?" ಎಂದು ಪೋಸ್ಟ್ ಮಾಸ್ಟರ್ ಕೂಗುತ್ತಿದ್ದಂತೆ ಬೀದಿಗಿಳಿದು ಓಡಿದಳು. ಓಡಿದ್ದು ಬಂದರಿಗಲ್ಲ, ಮನೆಗೆ. ಅಕ್ಕ ಪೆಟ್ಟಿಗೆಯ ಮುಂದೆ ಮೊಣಕಾಲೂರಿ, ಮಗುವಿಗೆ ಹೆಣೆದ ಸಣ್ಣ ಸ್ವೆಟರ್ ಮಡಚುತ್ತಿದ್ದಳು.

"ಅಕ್ಕಾ, ನಾಳೆ ಹೋಗಬೇಡ."

"ಯಾಕೆ?"

ಮುದ್ರೆಯಮ್ಮನಿಗೆ ಏದುಸಿರು. ಕಾರ್ಡು ಚಾಚಿದಳು. ಅಕ್ಕ ಕನ್ನಡಕ ಏರಿಸಿ ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಸ್ವೆಟರಿನ ತೋಳನ್ನು ನೀವುತ್ತ ಮೆಲ್ಲಗೆ ಹೇಳಿದಳು. "ನಂಗೆ ಯಾರೂ ಇಂಥಾ ಕಾರ್ಡು ಬರೀಲಿಲ್ಲ."

ಮುದ್ರೆಯಮ್ಮ ಕಾರ್ಡನ್ನು ವಾಪಸ್ ತಗೊಂಡಳು.

"ನಾನು ಅವರಿಗೆ ಬೇಡ ಅನ್ನಲೇ ಇಲ್ಲ ಕಣೆ. ನಾನೇ ಕಳಿಸಿದ್ದು. ಮಫ್ಲರ್ ಕೊಡೋಕೆ ಅಂತ ಕರೆದೆ. ಅವರು ತಿರುಗಿ ಬಂದ್ರು. ಇಷ್ಟು ಹತ್ತಿರ ಬಂದ್ರು. ಆಗ ಒಂದು ಮಾತು ಅಂದಿದ್ರೆ ಸಾಕಾಗಿತ್ತು ಅಂತ ಅನ್ಕೊಂಡು ಅನ್ಕೊಂಡು, ಕೊನೆಗೆ ಅಂದೇ ಅಂದಿದ್ದೆ ಅನ್ನೋ ಹಾಗಾಗಿಹೋಯ್ತು."

"ಗೊತ್ತಕ್ಕಾ."

"ಗೊತ್ತಾ?"

"ನಿನ್ನ ಕಾರ್ಡಿಗೆ ಮುದ್ರೆ ಹಾಕಿದವಳು ನಾನೇ ಅಲ್ವಾ?"

ಅಕ್ಕ ಅವಳನ್ನೇ ನೋಡಿದಳು. "ಇಷ್ಟು ದಿನ ಚಹಾ ತಟ್ಟೆ ಹಿಡ್ಕೊಂಡು ನಿಂತು ಕೇಳಿದೆಯಲ್ಲೇ, ಕಳ್ಳಿ" ಎಂದಳು. ಅಳುತ್ತಲೇ ಅವಳಿಗೆ ನಗು ಬಂತು. ನಾಲ್ಕು ತಿಂಗಳಲ್ಲಿ ಮೊದಲ ನಗು ಅದು. ಮರುಗಳಿಗೆ ಕಣ್ಣೊರೆಸಿಕೊಂಡು ದಡಕ್ಕನೆ ಎದ್ದಳು. "ಇಲ್ಲೇನು ನಿಂತಿದ್ದೀಯ? ಟಿಕೆಟ್ ತಗೊಂಡಿರೋದು ನಾನೊಬ್ಬಳೇನಾ? ನಡಿ!"

ಇಬ್ಬರೂ ಹಡಗುಕಟ್ಟೆಯ ಕಡೆ ನಡೆದರು. ನಡೆದರು ಎನ್ನುವುದು ಮರ್ಯಾದೆಯ ಮಾತು. ಐವತ್ತರ ತಂಗಿ, ಅರವತ್ತರ ಅಕ್ಕ, ಒಬ್ಬರ ಕೈ ಒಬ್ಬರು ಹಿಡಿದು, ತರಕಾರಿ ಗಾಡಿಗಳನ್ನು ಬದಿಗೆ ಸರಿಸುತ್ತ, ಬೇಕರಿಯವನ ನಾಯಿಯನ್ನು ದಾಟಿ ಓಡಿದರು.

ರಿಪೇರಿ ಷೆಡ್ಡಿನಲ್ಲಿ ಬೆಸುಗೆಯವರು ಮೂವರಿದ್ದರು. ಮುದ್ರೆಯಮ್ಮ ಕಾರ್ಡನ್ನು ಎತ್ತಿ ಹಿಡಿದು ಏನೂ ಹೇಳದೆ ನಿಂತಳು. ಇಬ್ಬರು, ಇದೇನು ಎಂದು ಕತ್ತು ಚಾಚಿದರು. ಮೂರನೆಯವನು ಕಪ್ಪು ಗಾಜಿನ ಮುಖವಾಡವನ್ನು ಸರ್ರನೆ ಕೆಳಗೆಳೆದುಕೊಂಡ. ಅವನ ಕೈಯಲ್ಲಿ ಬೆಸುಗೆಯ ಕಡ್ಡಿಯೇ ಇರಲಿಲ್ಲ.

"ಮುಖವಾಡ ತೆಗೀಪ್ಪಾ" ಎಂದಳು ಮುದ್ರೆಯಮ್ಮ.

ನಲವತ್ತರ ಆಸುಪಾಸಿನ, ರೆಪ್ಪೆಯ ಕೂದಲು ಸುಟ್ಟುಹೋದ ಮನುಷ್ಯ. ಅವರನ್ನು ಷೆಡ್ಡಿನ ಹಿಂದಕ್ಕೆ ಕರೆದೊಯ್ದು, ತಗ್ಗಿದ ದನಿಯಲ್ಲಿ ಹೇಳಿದ. "ಆ ತಗಡು ತುಕ್ಕು ತಿಂದು ಹಪ್ಪಳ ಆಗಿದೆ. ಬದಲಾಯಿಸಬೇಕು ಅಂದೆ. ಟೈಮಿಲ್ಲ, ಮೇಲೊಂದು ತೇಪೆ ಹಾಕು ಅಂದ್ರು ಮೇಸ್ತ್ರಿ. ಹಾಕಿದೆ. ತೇಪೆ ಹಿಡ್ಕೊಳ್ಳೋಕೆ ಕೆಳಗೆ ಕಬ್ಬಿಣ ಇರಬೇಕಲ್ಲ? ಎರಡು ಸಲ ಹೇಳಿದೆ. ಮೂರನೇ ಸಲ ಬಾಯಿ ಬಿಟ್ರೆ ಗೇಟಿನಾಚೆ ಹೋಗು ಅಂದ್ರು."

"ಕನಸು ಅಂತ ಯಾಕೆ ಬರೆದೆ?"

"ಊರಲ್ಲಿ ಕನಸು ಅಂದ್ರೆ ಎಲ್ಲರೂ ಕಿವಿ ಕೊಡ್ತಾರಲ್ಲ ಅಮ್ಮಾ. ಬೆಸುಗೆಯವನ ಮಾತು ಯಾರು ಕೇಳ್ತಾರೆ? ಕನಸು ಕಂಡೋನನ್ನ ಕೆಲಸದಿಂದ ತೆಗೆಯೋದೂ ಇಲ್ಲ."

ಮುದ್ರೆಯಮ್ಮ ಕಾರ್ಡನ್ನು ಮತ್ತೆ ನೋಡಿದಳು. ತಿಂಗಳಿಡೀ ಎಲ್ಲರ ಎದೆಬಡಿತ ಓದಿದ್ದಳು. ಕಣ್ಣಿಂದ ಕಂಡು ಬರೆದವನು ಇವನೊಬ್ಬನೇ.

ಬಂದರಿನ ಅಧಿಕಾರಿಯ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಹಾರದಂತೆ ಕಾಗದದ ರಾಶಿಯ ಮೇಲೆ ಗಾಜಿನ ಗುಂಡು ಇಟ್ಟಿತ್ತು. ಅವರು ಕಾರ್ಡು ಓದಿ, ಆ ರಾಶಿಯನ್ನು ತಟ್ಟಿದರು. "ನೋಡಿ ಮೇಡಂ, ಈ ವಾರ ಇದು ಅರವತ್ತೊಂದನೇ ಕನಸು. ಒಂದೊಂದು ಕನಸಿಗೂ ಹಡಗು ನಿಲ್ಲಿಸ್ತಾ ಹೋದ್ರೆ ಸಮುದ್ರಾನೇ ಒಣಗಿಹೋಗುತ್ತೆ."

"ಇದು ಕನಸಲ್ಲ."

"ಕನಸು ಅಂತ ನೀವೇ ತಂದಿರೋ ಕಾರ್ಡಲ್ಲಿ ಇದೆಯಲ್ರೀ!"

ಮುದ್ರೆಯಮ್ಮ ತಾನೇ ಶುರುಮಾಡಿದ ಆಟ ಅವಳ ಬಾಯನ್ನೇ ಕಟ್ಟಿತ್ತು. ಅಷ್ಟರಲ್ಲಿ ಅಕ್ಕ ಮೇಜಿನ ಹತ್ತಿರ ಬಂದಳು. "ಸಾರ್, ನನ್ನ ಗಂಡ ಬಿಳಿ ಹಡಗಲ್ಲಿ ಹೋದ್ರು. ನಂಗೆ ಮೊದಲೇ ಗೊತ್ತಿತ್ತು ಅಂತ ಊರೆಲ್ಲ ಹೇಳ್ಕೊಂಡು ಬಂದೆ. ಸುಳ್ಳು. ನಂಗೇನೂ ಗೊತ್ತಿರಲಿಲ್ಲ. ಇವತ್ತು ಗೊತ್ತಿರೋನು ಒಬ್ಬ ಬಾಗಿಲ ಹೊರಗೆ ನಿಂತಿದಾನೆ. ಅವನನ್ನ ಒಂದು ಮಾತು ಕೇಳಿ."

ಬೆಸುಗೆಯವನು ಒಳಗೆ ಬಂದ. ಟೋಪಿಯನ್ನು ಹಿಂಡುತ್ತ, "ಕನಸಲ್ಲ ಸಾರ್. ತೇಪೆ ಹಾಕಿದೋನು ನಾನೇ" ಎಂದ.

ಅಧಿಕಾರಿ ಒಳ್ಳೆಯವರೋ ಕೆಟ್ಟವರೋ, ಹೆದರಿದ್ದರಂತೂ ನಿಜ. ಹತ್ತೇ ನಿಮಿಷದಲ್ಲಿ ಐದು ಜನ ಕೈದೀಪ ಹಿಡಿದು ಹಡಗಿನ ಹೊಟ್ಟೆಗಿಳಿದರು. ಒಳಗೆ ಹೊಸ ಬಣ್ಣದ ಘಾಟು. ಬೆಸುಗೆಯವನು ಸುತ್ತಿಗೆಯಿಂದ ಮೊದಲ ತಗಡಿಗೆ ಬಡಿದ. ಣಣ್! ಎರಡನೆಯದಕ್ಕೆ ಬಡಿದ. ಣಣ್! ಮೂರನೆಯದಕ್ಕೆ ಬಡಿದ. ಥಪ್ ಎಂದಿತು, ಒದ್ದೆ ರಟ್ಟಿಗೆ ಹೊಡೆದ ಹಾಗೆ.

"ಇನ್ನೊಂದು ಸಲ" ಎಂದರು ಅಧಿಕಾರಿ.

ಇನ್ನೊಂದು ಸಲ ಬಡಿದಾಗ ಬಣ್ಣದ ಒಂದು ಚಕ್ಕೆ ಉದುರಿತು. ಅದರ ಹಿಂದೆಯೇ ಬೆರಳು ದಪ್ಪದ ನೀರಿನ ಎಳೆ ಚಿಮ್ಮಿ ಅಧಿಕಾರಿಯ ಇಸ್ತ್ರಿ ಪ್ಯಾಂಟಿಗೆ ನೇರ ಬಡಿಯಿತು. ಅಧಿಕಾರಿ ಹಾರಿದರು. ಅಕ್ಕ ಕಿರುಚಿದಳು. ಮುದ್ರೆಯಮ್ಮ ಬೆಸುಗೆಯವನ ಎರಡೂ ತೋಳು ಹಿಡಿದು ಗಡಗಡನೆ ಅಲ್ಲಾಡಿಸಿ, "ಹೇಳಿದ್ಯಲ್ಲಪ್ಪಾ! ಹೇಳಿದ್ಯಲ್ಲ!" ಎಂದು ಕೂಗಿದಳು. ಅವನು ಸೊಂಟದ ಬಟ್ಟೆ ಕಿತ್ತು ತೂತಿಗೆ ತುರುಕುತ್ತ, "ಅಮ್ಮಾ ಬಿಡಿ, ಮೊದಲು ಇದನ್ನ ಮುಚ್ಚೋಣ" ಎಂದ.

ಹಡಗು ನಿಂತಿತು. ಸಂಜೆಯೊಳಗೆ ಕಟ್ಟೆಯ ಮೇಲೆ ಜಾತ್ರೆಯಂತೆ ಜನ. ಮರುದಿನದ ಪತ್ರಿಕೆಯಲ್ಲಿ ಇಷ್ಟು ದಪ್ಪ ಅಕ್ಷರ: 'ಅಂಚೆ ಕಚೇರಿಯ ಮಹಿಳೆಗೆ ಮುನ್ಸೂಚನೆ, ನೂರಾರು ಜೀವ ಪಾರು.' ಮುದ್ರೆಯಮ್ಮನ ಪಿತ್ತ ನೆತ್ತಿಗೇರಿತು. ಎರಡನೇ ಕಿಟಕಿಯ ಮುಂದೆ ಮದುವೆ ಯಾವಾಗ, ಪರೀಕ್ಷೆ ಪಾಸೋ ಫೇಲೋ ಎಂದು ಕೇಳುವವರ ಸಾಲು ತಿರುವಿನ ತನಕ ಬೆಳೆಯಿತು. "ಸ್ಟಾಂಪು ಬೇಕಾ? ಇಲ್ಲದಿದ್ರೆ ಜಾಗ ಬಿಡಿ" ಎಂದು ಗದರಿ ಗದರಿ ಗಂಟಲು ಬಿದ್ದುಹೋಯಿತು.

ಸಾಲಿನಲ್ಲಿ ಕ್ಷೌರಿಕನೂ ಇದ್ದ. "ನೋಡಿದ್ರಾ? ಈ ಹಡಗಿನ ವಿಷಯಾನೂ ನಂಗೆ ಮೊದಲೇ ಅನ್ನಿಸಿತ್ತು."

ಮುದ್ರೆಯಮ್ಮ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿ ಅವನ ಕಾರ್ಡನ್ನು ಹುಡುಕಿ ತೆಗೆದಳು. ತಾರೀಖನ್ನು ಬೆರಳಿಟ್ಟು ತೋರಿಸಿ ಗಟ್ಟಿಯಾಗಿ ಓದಿದಳು. 'ಹಳೇ ಹಡಗಿಗೆ ಏನೂ ಆಗುವುದಿಲ್ಲ. ಮಂಗಳವಾರ ಮಾರುಕಟ್ಟೆಗೆ ಬೆಂಕಿ ಬೀಳುತ್ತದೆ.' ಮಂಗಳವಾರ ಕಳೆದು ಎರಡು ದಿನವಾಗಿತ್ತು. ಮಾರುಕಟ್ಟೆ ಎದುರಿಗೇ ಇತ್ತು, ಆರಾಮಾಗಿ ಈರುಳ್ಳಿ ಮಾರುತ್ತಿತ್ತು. ಬೀದಿಗೆ ಬೀದಿಯೇ ನಕ್ಕಿತು. ಕೊನೆಗೆ ಕ್ಷೌರಿಕನೂ ನಕ್ಕ. "ಹೋಗ್ಲಿ ಬಿಡಿ, ಇನ್ನೊಂದು ಕಾರ್ಡು ಕೊಡಿ" ಎಂದ.

ಆದರೆ ಎಲ್ಲರ ಕಾರ್ಡನ್ನೂ ಅವಳು ಹಾಗೆ ಓದಲಿಲ್ಲ. ಮಗನನ್ನು ಬಿಳಿ ಹಡಗಿನಲ್ಲಿ ಕಳೆದುಕೊಂಡ ದರ್ಜಿಯ ಹೆಂಡತಿ ಕಿಟಕಿಯ ಮುಂದೆ ನಿಂತು, "ನಂಗೆ ಅವತ್ತೇ ಗೊತ್ತಿತ್ತು ಕಣಮ್ಮಾ" ಎಂದಾಗ, ಅವಳ ಕೈ ಮೇಲೆ ಕೈಯಿಟ್ಟು, "ಹೌದಮ್ಮಾ" ಎಂದಳು. ಆ ಹೌದಿಗೆ ಅವಳು ತಾರೀಖು ಒತ್ತಲಿಲ್ಲ.

ಮೇಸ್ತ್ರಿಯನ್ನು ಬೇರೆ ಕಡೆಗೆ ಕಳಿಸಿದರು. ಬೆಸುಗೆಯವನು ಹಳೆಯ ತಗಡನ್ನು ಕಿತ್ತೆಸೆದು ಹೊಸದನ್ನು ಕೂರಿಸಿದ. ಈ ಸಲ ಅಧಿಕಾರಿ ದಿನಾ ಪಕ್ಕದಲ್ಲೇ ನಿಂತು, "ಸಾಕಾ? ಇನ್ನೊಂದು ಸುತ್ತು ಹಾಕ್ತೀಯಾ?" ಎಂದು ಕೇಳುತ್ತಿದ್ದರು. ಹನ್ನೆರಡನೇ ದಿನ ಹಡಗು ಹೊರಟಿತು. ಅಕ್ಕನ ಜೊತೆ ಮುದ್ರೆಯಮ್ಮನೂ ರಜೆ ಹಾಕಿ ಹತ್ತಿದಳು. ಜನ್ಮದಲ್ಲಿ ಸಮುದ್ರದ ಮೇಲೆ ಕಾಲಿಟ್ಟವಳಲ್ಲ.

ಬಂದರು ದಾಟಿ ಮೊದಲ ದೊಡ್ಡ ಅಲೆ ಬಂದದ್ದೇ ತಡ, ಅವಳ ಕಿವಿ ಬಿಸಿಯಾಯಿತು, ಕೈಕಾಲು ತಣ್ಣಗಾಯಿತು. ಕಂಬಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, "ಅಕ್ಕಾ, ನಂಗೆ ಖಂಡಿತ ಗೊತ್ತಾಗ್ತಿದೆ. ಇದು ಮುಳುಗುತ್ತೆ" ಎಂದಳು.

"ಅನ್ನಿಸ್ತಾ?" ಎಂದು ಅಕ್ಕ ಕೇಳಿದಳು. "ಕಾರ್ಡು ಕೊಡ್ಲಾ?"

ಮುದ್ರೆಯಮ್ಮ ಬಯ್ಯಲು ಬಾಯಿ ತೆರೆದಳು, ಆದರೆ ಬಾಯಿಗೆ ಬೇರೆ ಕೆಲಸ ಬಿತ್ತು. ಬಗ್ಗಿ ಸಮುದ್ರಕ್ಕೆ ಬೆಳಗಿನ ತಿಂಡಿಯನ್ನೆಲ್ಲ ಒಪ್ಪಿಸಿದಳು. ಅಕ್ಕ ಬೆನ್ನು ನೀವಿದಳು. ಬಂಡೆಗಳಿದ್ದ ಕಡೆ ಹಡಗು ನಿಧಾನವಾಯಿತು. ಅಲ್ಲಿ ಅಕ್ಕ ಒಂದು ನಿಮಿಷ ಒಬ್ಬಳೇ ಹೋಗಿ ನಿಂತು ಬಂದಳು.

ಹೊರಟ ಏಳು ಗಂಟೆ ಐದು ನಿಮಿಷದಲ್ಲಿ ಹಡಗು ಆಚೆ ದಡ ಮುಟ್ಟಿತು. ಇಳಿಯುವವರ ನೂಕುನುಗ್ಗಲಿನ ನಡುವೆ ಒಂದು ದನಿ "ಅಮ್ಮಾ! ಚಿಕ್ಕಮ್ಮಾ!" ಎಂದು ಕೂಗಿತು. ಅಕ್ಕ ಪೆಟ್ಟಿಗೆಯನ್ನು ತಂಗಿಯ ಕಾಲಿನ ಮೇಲೆ ಇಳಿಬಿಟ್ಟು, ವಯಸ್ಸಿನ ಪರಿವೆಯೇ ಇಲ್ಲದೆ ಹಲಗೆಯ ಮೇಲೆ ಓಡಿದಳು. ಮಗಳ ಕೈಯಲ್ಲಿದ್ದ ಮಗು ಅಜ್ಜಿಯನ್ನು ಒಂದು ಗಳಿಗೆ ದುರುಗುಟ್ಟಿ ನೋಡಿ, ಕೈ ಚಾಚಿ ಕನ್ನಡಕವನ್ನು ಕಿತ್ತುಕೊಂಡಿತು.

"ಅಯ್ಯೋ, ಬಿಡೇ! ನಿನ್ನ ಮುಖ ನೋಡೋದು ಹೇಗೆ ನಾನು!" ಎಂದು ಅಕ್ಕ ಕೂಗಿದಳು.